ಅಮ್ಮನ ಮದ್ದಿನ ಸುದ್ದಿ, ಅದೇ ಜಾಗದಲ್ಲಿ

1961ರ ಜೂನ್ ತಿಂಗಳಲ್ಲಿ, ಮಂಗಳೂರಿನ ನಮ್ಮ ಪತ್ರಿಕೆಯ ಮೂರನೆಯ ಪುಟದಲ್ಲಿ ಒಂದು ಸಣ್ಣ ಸುದ್ದಿ ಪ್ರಕಟವಾಯಿತು. ಜೆಪ್ಪುವಿನ ಗಿರಿಜಕ್ಕ ಕೊಡುವ ತುಟಿ ಗುಳ್ಳೆಯ ಮದ್ದಿಗೂ ಬರೀ ಎಣ್ಣೆಗೂ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ ಎಂಬುದೇ ಆ ಸುದ್ದಿ. ಗಿರಿಜಕ್ಕ ನನ್ನ ಅಮ್ಮ. ಬರೆದವನು ನಾನು, ಬರೆಸಿದವರು ಅವರೇ.

ಕೆಲವರಿಗೆ ಜ್ವರ ಬಂದು ಹೋದಾಗ, ಬಿಸಿಲಲ್ಲಿ ತಿರುಗಿದಾಗ, ತುಟಿಯ ಅಂಚಿನಲ್ಲಿ ಚುರುಚುರು ಎಂದು ನೀರುಗುಳ್ಳೆ ಏಳುತ್ತದೆ. ಒಡೆದು, ಹಕ್ಕಳೆ ಕಟ್ಟಿ, ಒಣಗಿ ಹೋಗುತ್ತದೆ. ಕೆಲವು ತಿಂಗಳು ಕಳೆದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಮಲಗಿದ್ದಾಗ ಜೇಡ ಉಚ್ಚೆ ಹೊಯ್ದದ್ದು ಎಂದು ಜನ ಹೇಳುತ್ತಾರೆ. ಅದಕ್ಕೆ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಮದ್ದು ಕೊಡುತ್ತಿದ್ದರು. ಒಂದು ಸೊಪ್ಪಿನ ರಸವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ, ಜೇನುಮೇಣ ಹಾಕಿ ಮಾಡುವ ಮುಲಾಮು. ಅದಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ. ಸೊಪ್ಪಿನ ಹೆಸರು ಹೇಳುವಂತಿಲ್ಲ, ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದೆ ಎಂಬ ನಂಬಿಕೆ. ಹಚ್ಚುವಷ್ಟು ದಿನ ಪಥ್ಯವೂ ಇತ್ತು: ಮೀನು ಮುಟ್ಟಬಾರದು.

ನೆರೆಮನೆಯ ಲೂವಿಸ್ ಪೊರ್ಬುಗಳು ಮದುವೆ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ಕ್ರೈಸ್ತ ಹಿರಿಯರನ್ನು ನಾವು ಪೊರ್ಬು ಎಂದೇ ಕರೆಯುವುದು. ತುಟಿಯಲ್ಲಿ ಗುಳ್ಳೆ ಎದ್ದರೆ ಅವರ ವಾದ್ಯ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಅಮ್ಮನ ಮದ್ದನ್ನು ಅವರಷ್ಟು ಹೊಗಳಿದವರಿಲ್ಲ. ಅವರ ಮಾತು ಕೇಳಿಯೇ ನನ್ನ ಸಹೋದ್ಯೋಗಿಯೊಬ್ಬರು ಹಿಂದಿನ ವರ್ಷ ಮೂರನೆಯ ಪುಟದಲ್ಲಿ, ಜೆಪ್ಪುವಿನಲ್ಲಿ ತುಟಿ ಗುಳ್ಳೆಗೆ ಸಿದ್ಧೌಷಧ ಸಿಗುತ್ತದೆ ಎಂದು ಬರೆದರು. ಮರುದಿನದಿಂದ ಊರಿನ ಆಚೆ ತುದಿಯ ಕೊಟ್ಟಾರದ ಕಡೆಯವರೂ ನಮ್ಮ ಗೇಟಿನಲ್ಲಿ ನಿಲ್ಲತೊಡಗಿದರು.

ಆ ಸುದ್ದಿ ಓದಿ, ಕಂಕನಾಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಸುಮತಿ ನಮ್ಮ ಮನೆಗೆ ಬಂದರು.

“ಗಿರಿಜಮ್ಮ, ಈ ಗುಳ್ಳೆ ಹೇಗೂ ತಾನಾಗಿ ಒಣಗ್ತದೆ. ನಿಮ್ಮ ಮದ್ದಿನಿಂದ ಬೇಗ ಒಣಗ್ತದೆ ಅಂತ ಹೇಗೆ ಗೊತ್ತು?”

“ಹಚ್ಚಿದವರು ಹೇಳ್ತಾರಲ್ಲ.”

“ಹಚ್ಚದವರನ್ನು ಕೇಳಿದ್ದೀರಾ?”

“ಹಚ್ಚದವರು ನನ್ನ ಹತ್ರ ಯಾಕೆ ಬರ್ತಾರೆ?” ಎಂದ ಅಮ್ಮ ತಾವೇ ಸೇರಿಸಿದರು: “ಇಲ್ಲ, ಕೇಳಿಲ್ಲ.”

ಡಾಕ್ಟರು ಒಂದು ದಾರಿ ಹೇಳಿದರು. ಅಮ್ಮ ಮದ್ದನ್ನು ಮಾಡಿ ಕೊಡುವುದು, ಸೊಪ್ಪಿಲ್ಲದೆ ಬರೀ ಎಣ್ಣೆ, ಮೇಣದ ಮುಲಾಮನ್ನೂ ಮಾಡಿ ಕೊಡುವುದು. ಬಣ್ಣ, ವಾಸನೆ ಒಂದೇ ಆಗುವಂತೆ ಡಾಕ್ಟರು ಎರಡನ್ನೂ ಸರಿಮಾಡಿ, ಒಂದೇ ಬಗೆಯ ಕರಡಿಗೆಗಳಲ್ಲಿ ತುಂಬಿಸಿ, ಕೆಂಪು ನೂಲು, ಕಪ್ಪು ನೂಲು ಕಟ್ಟುವುದು. ಯಾವ ನೂಲು ಯಾವುದಕ್ಕೆ ಎಂದು ಅವರೊಬ್ಬರಿಗೇ ಗೊತ್ತು. ತೆಗೆದುಕೊಂಡು ಹೋಗುವವರಿಗೆ, ಇದು ಮದ್ದೂ ಇರಬಹುದು, ಬರೀ ಎಣ್ಣೆಯೂ ಇರಬಹುದು ಎಂದು ಮೊದಲೇ ಹೇಳುವುದು. ಗುಳ್ಳೆ ಎದ್ದ ದಿನದಿಂದ ಒಣಗುವವರೆಗೆ ಕ್ಲಿನಿಕ್ಕಿನಲ್ಲಿ ತೋರಿಸುವುದು.

ದೊಡ್ಡಮ್ಮನಿಗೆ ಇದು ಸರಿಬರಲಿಲ್ಲ. “ಅಮ್ಮನಿಂದ ಬಂದ ಕೈಗುಣವನ್ನು ತಕ್ಕಡಿಗೆ ಹಾಕ್ತೀಯಾ? ನಾಳೆ ಹೆಸರು ಹಾಳಾದರೆ ನಿನ್ನದು ಮಾತ್ರ ಅಲ್ಲ, ಇಡೀ ಕುಟುಂಬದ್ದು.”

“ಕೈಗುಣ ಇದ್ದರೆ ತೂಗಿದ ಮೇಲೂ ಇರ್ತದೆ ಅಕ್ಕ” ಎಂದರು ಅಮ್ಮ. ಆದರೆ ಸೊಪ್ಪಿನ ಹೆಸರನ್ನು ಡಾಕ್ಟರಿಗೂ ಹೇಳಲಿಲ್ಲ.

ಪೊರ್ಬುಗಳಿಗೆ ಕೆಂಪು ನೂಲಿನ ಕರಡಿಗೆ ಸಿಕ್ಕಿತು. ಮದುವೆಗಳ ಕಾಲ ಹತ್ತಿರ ಬಂದಂತೆ ಅವರಿಗೆ ತಾಳ್ಮೆ ಉಳಿಯಲಿಲ್ಲ. ಒಂದು ಬೆಳಿಗ್ಗೆ ಬಂದು ಜಗಲಿಯಲ್ಲಿ ಕುಳಿತರು.

“ಗಿರಿಜಕ್ಕ, ಸತ್ಯ ಹೇಳಿ. ಇದು ಮದ್ದಾ, ಎಣ್ಣೆಯಾ?”

“ನನಗೇ ಗೊತ್ತಿಲ್ಲ ಪೊರ್ಬುಗಳೇ.”

“ಮಾಡಿದವರಿಗೇ ಗೊತ್ತಿಲ್ವಾ! ಎಂತ ಕಾಲ ಬಂತು! ಸ್ವಲ್ಪ ಮೂಸಿ ನೋಡಿ, ನಿಮಗೆ ಗೊತ್ತಾಗದೆ ಇರ್ತದಾ?”

ಅವರು ಮುಚ್ಚಳ ತೆಗೆಯುವಷ್ಟರಲ್ಲಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನಡೆದರು. “ಹೋಗಿ ಮಾರಾಯ್ರೆ, ನನ್ನ ಹತ್ರ ಕಳ್ಳಾಟ ಮಾಡಿಸಬೇಡಿ” ಎಂಬ ಮಾತು ಅಡಿಗೆಮನೆಯಿಂದ ಕೇಳಿಸಿತು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಡಾಕ್ಟರು ಬಂದರು. ಜಗಲಿಯಲ್ಲಿ ಅಮ್ಮ, ದೊಡ್ಡಮ್ಮ, ಪೊರ್ಬುಗಳು, ನಾನು ಇದ್ದೆವು.

“ಎರಡೂ ಒಂದೇ ಗಿರಿಜಮ್ಮ. ಮದ್ದು ಹಚ್ಚಿದವರದ್ದು ಬೇಗ ಒಣಗಲಿಲ್ಲ. ಮತ್ತೆ ಬರುವುದೂ ನಿಲ್ಲಲಿಲ್ಲ. ಒಡೆದ ಚರ್ಮ ಬಿರಿಯದ ಹಾಗೆ ಎಣ್ಣೆ ನೋಡಿಕೊಳ್ತದೆ, ಅಷ್ಟೇ.”

“ನಂದು ಯಾವುದು?” ಪೊರ್ಬುಗಳು ಕೇಳಿದರು.

“ನಿಮ್ಮದು ಬರೀ ಎಣ್ಣೆ.”

“ಇಷ್ಟು ಮದುವೆಗೆ ನಾನು ಊದಿದ್ದು ಎಣ್ಣೆಯಲ್ಲಿಯಾ? ಹಾಗಾದರೆ ಬಂಗುಡೆ ಮೀನು ಬಿಟ್ಟದ್ದು ಎಂತಕ್ಕೆ?”

ಯಾರೂ ನಗಲಿಲ್ಲ, ಎಲ್ಲರೂ ಅಮ್ಮನ ಮುಖ ನೋಡುತ್ತಿದ್ದೆವು. ಮೊದಲು ನಕ್ಕವರು ಅವರೇ. ನಕ್ಕು, ಬೇಲಿಯ ಕಡೆ ಕೈತೋರಿಸಿ, “ಅದೇ ನೋಡಿ ಡಾಕ್ಟ್ರೇ, ಆ ನೆಕ್ಕಿ ಸೊಪ್ಪು. ಇನ್ನು ಗುಟ್ಟು ಯಾಕೆ?” ಎಂದರು. ದೊಡ್ಡಮ್ಮ ಎದ್ದು ಒಳಗೆ ಹೋದರು.

ಎಲ್ಲರೂ ಹೊರಟ ಮೇಲೆ ಅಮ್ಮ ನನ್ನನ್ನು ಕರೆದು, ಇದನ್ನು ಪೇಪರಿಗೆ ಬರೆ ಎಂದರು.

“ಪೇಪರಿನಲ್ಲಿ ಬೇಡ ಅಮ್ಮ. ಬಂದವರಿಗೆ ಬಾಯಲ್ಲಿ ಹೇಳಿದರೆ ಸಾಕಲ್ಲ.”

“ಕೊಟ್ಟಾರದವರು ಓದಿ ಬಂದದ್ದು. ಓದಿಯೇ ತಿಳಿಯಲಿ. ಹೊಗಳಿದ್ದು ಎಲ್ಲಿ ಹಾಕಿದ್ದೀರಿ, ಅದೇ ಜಾಗದಲ್ಲಿ ಹಾಕು. ನನ್ನ ಹೆಸರು ಬಿಡಬೇಡ.”

ಸಂಪಾದಕರು ನನ್ನ ಪ್ರತಿಯನ್ನು ಓದಿ, “ನಿಮ್ಮ ತಾಯಿಯವರಿಗೆ ಗೊತ್ತುಂಟಾ?” ಎಂದು ಕೇಳಿದರು. ಅವರೇ ಹೇಳಿ ಕಳಿಸಿದ್ದು ಎಂದೆ. ಒಂದು ಅಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದರು. ಈ ವೃತ್ತಿಯಲ್ಲಿ ನಾನು ಬರೆದ ತಿದ್ದುಪಡಿಗಳಲ್ಲಿ, ಅದರಿಂದ ಹೆಸರು ಕೆಡುವವರೇ ಕೇಳಿ ಹಾಕಿಸಿದ್ದು ಅದೊಂದೇ. ಅಂಥ ಸುದ್ದಿಯ ಕೆಳಗೆ ಬರೆದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ಗಿರಿಜಕ್ಕನ ಮಗ ಎಂದು ಹಾಕಿಕೊಳ್ಳುತ್ತಿದ್ದೆ.

ದೊಡ್ಡಮ್ಮ ಬಹಳ ದಿನ ಅಮ್ಮನೊಡನೆ ಮಾತನಾಡಲಿಲ್ಲ. ಗೇಟಿಗೆ ಜನ ಬರುವುದು ನಿಂತಿತು. ಬೇಲಿಯ ನೆಕ್ಕಿ ತನ್ನಷ್ಟಕ್ಕೆ ಬೆಳೆಯಿತು.

ಇದೆಲ್ಲ ಆಗಿ ಹತ್ತು ವರ್ಷವಾಯಿತು; ಅಮ್ಮ ಈಗಲೂ ಜೆಪ್ಪುವಿನ ಅದೇ ಮನೆಯಲ್ಲಿದ್ದಾರೆ. ಕಳೆದ ಶನಿವಾರ ಪೊರ್ಬುಗಳ ಮಗಳು ತುಟಿಯ ಗುಳ್ಳೆ ತೋರಿಸಲು ಬಂದಿದ್ದಳು. ಅಮ್ಮ ಅಡಿಗೆಮನೆಯ ಬಾಟಲಿಯಿಂದ ತೆಂಗಿನೆಣ್ಣೆ ಸುರಿದುಕೊಟ್ಟು, ಅವಳನ್ನು ಊಟಕ್ಕೆ ಕೂರಿಸಿದರು. ಆ ದಿನ ಬಂಗುಡೆ ಸಾರು ಮಾಡಿದ್ದರು.