ಮೂರು ಹೊಲಿಗೆಯ ಶರ್ಟು

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಸ್ತ್ರಿ ಅಕ್ಕ ಇಪ್ಪತ್ತೆರಡು ವರ್ಷದಿಂದ ನಿಂತೇ ಇದ್ದಾಳೆ. ನಿಂತೇ ಅಂದರೆ ನಿಂತೇ. ಮೇಜು, ಬಟ್ಟೆಗಂಟು, ಅತ್ತೆಯ ಮಂಚ ಬಿಟ್ಟರೆ ಅಲ್ಲಿ ಕೂರಲು ಜಾಗವೆಲ್ಲಿದೆ? ಗಂಡ ತೀರಿಕೊಂಡ ಮೇಲೆ ಒಗೆಯುವುದೂ ಅವಳೇ, ಇಸ್ತ್ರಿಯೂ ಅವಳೇ. ಅತ್ತೆಯದು ಬಾಯಿ ಮಾತ್ರ.

ಆ ಬಾಯಿಂದ ಬಂದ ಕಟ್ಟಳೆಯೊಂದಿತ್ತು: "ಬೇರೆಯವರ ಒಂದೇ ಒಂದು ಬಟ್ಟೆ ಮನೇಲಿದ್ರೂ ಊರು ಬಿಡಬಾರದು." ಬಟ್ಟೆ ಪೂರ್ತಿ ಖಾಲಿಯಾಗುವ ದಿನ ಯಾವತ್ತಾದರೂ ಬರುತ್ತದೆಯೇ? ಹಾಗಾಗಿ ಮದುವೆಯಾಗಿ ಹೋದ ಮಗಳ ಮನೆಯನ್ನು ಅಕ್ಕ ಇನ್ನೂ ಕಂಡಿಲ್ಲ.

ಈಗ ಮಗಳಿಗೆ ದಿನ ತುಂಬಿತ್ತು. "ಅಮ್ಮಾ, ಈ ಸಲನಾದ್ರೂ ಬಾ" ಎಂದು ಫೋನಿನಲ್ಲಿ ಅತ್ತಳಂತೆ. ಅಕ್ಕ ಹೊಸ ಬಟ್ಟೆ ಮುಟ್ಟದೆ, ಇದ್ದ ಗಂಟನ್ನೆಲ್ಲ ಮೂರೇ ದಿನದಲ್ಲಿ ಮುಗಿಸಿದಳು. ಅತ್ತೆಯ ಊಟ ನಾನು ನೋಡಿಕೊಳ್ಳುತ್ತೇನೆ ಎಂದೆ. ಮಧ್ಯಾಹ್ನ ಬಸ್ಸು.

ಅಂದು ಬೆಳಿಗ್ಗೆ ನೋಡಿದರೆ ಮೇಜಿನ ಮೇಲೊಂದು ಬಿಳಿ ಶರ್ಟು! ಕಾಲರಿನೊಳಗೆ ಕೆಂಪು ದಾರದ ಮೂರು ಹೊಲಿಗೆ. ಯಾರ ಮನೆಯ ಬಟ್ಟೆಯೆಂದು ತಿಳಿಯಲು ಒಗೆಯುವವರು ಹಾಕುವ ಗುರುತು ಅದು. ಮೂರು ಹೊಲಿಗೆ ಅಂದರೆ ಮೂರನೇ ಮಹಡಿ. ಅಕ್ಕ ಓಡಿ ಹೋಗಿ ಕೇಳಿದರೆ ನಮ್ಮದಲ್ಲ ಎಂದರು. ಒಂದೊಂದೇ ಬಾಗಿಲು ತಟ್ಟುತ್ತ ನನ್ನಲ್ಲಿಗೆ ಬಂದಾಗ ಹನ್ನೊಂದು ಗಂಟೆ.

"ನನ್ನ ಹತ್ರ ಬಿಟ್ಟು ಹೋಗಕ್ಕ, ನಾನೇ ಹುಡುಕಿ ಕೊಡ್ತೀನಿ" ಎಂದು ರೇಗಿದೆ.

ಅವಳು ಶರ್ಟನ್ನು ಮೂಗಿಗೆ ಹಿಡಿದಳು. "ಇದು ಒಗೆಯೋಕೆ ಬಂದಿದ್ದಲ್ಲಮ್ಮ. ಬೆವರಿನ ವಾಸನೆನೇ ಇಲ್ಲ. ಬರೀ ನುಸಿಗುಳಿಗೆ."

ಕಾಲರು ತಿರುವಿದಳು. ಹೊಲಿಗೆ ಸೊಟ್ಟಪಟ್ಟ, ದಾರದ ತುದಿ ಗೇಣುದ್ದ ಜೋತಾಡುತ್ತಿತ್ತು. ಗುರುತು ಹಾಕುವವರು ದಾರವನ್ನು ಹಲ್ಲಿನಿಂದಲೇ ಕಡಿಯುತ್ತಾರೆ. ಅತ್ತೆಗೆ ಹಲ್ಲಿಲ್ಲ.

"ನಮ್ಮ ಮಾವನ ಶರ್ಟು" ಎಂದಳು. "ಅತ್ತೆ ಪೆಟ್ಟಿಗೇಲಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಮುದುಕಿ ಮುಖಕ್ಕೆ ಹೇಳಿ ಹೊರಡು!" ಎಂದು ಅವಳ ಹಿಂದೆಯೇ ಇಳಿದೆ. ಅತ್ತೆ ಸೊಸೆಯ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಮಂಚದ ಮೇಲಿದ್ದಳು.

"ಯಾರದ್ದತ್ತೆ ಈ ಶರ್ಟು?"

"ಯಾರದ್ದೋ. ಬಂದೇ ಬರ್ತಾರೆ." ಮುದುಕಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಅಲ್ಲೀವರೆಗೂ ನೀನಿರ್ಬೇಕಲ್ಲಮ್ಮ."

ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು. ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿಗೆ ಕಟ್ಟಿದ್ದ ಬಸ್ಸಿನ ದುಡ್ಡು ಬಿಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಆ ಜೋತಾಡುವ ದಾರವನ್ನು ತನ್ನ ಹಲ್ಲಿನಿಂದ ಕಡಿದು, ಶರ್ಟಿಗೆ ನೀರು ಚಿಮುಕಿಸಿ, ಇಸ್ತ್ರಿ ಎತ್ತಿಕೊಂಡಳು.