ರೊಟ್ಟಿಗೆ ಬಗ್ಗಿದ ಶತ್ರು

ನನ್ನ ಮುಖದಲ್ಲಿ ಒಬ್ಬ ಶತ್ರು ಇದ್ದಾನೆಂದು ಮೊದಲು ಕಂಡುಹಿಡಿದವನು ಸಹೋದ್ಯೋಗಿಯೊಬ್ಬನ ಭಾವಮೈದುನ. ಸಿನಿಮಾಗಳಿಗೆ ಗುಂಪಿನ ಜನರನ್ನು ಒದಗಿಸುವುದು ಅವನ ಉದ್ಯೋಗ. ತಳೇಗಾಂವ ದಾಭಾಡೆಯಾಚೆಯ ಗುಡ್ಡದಲ್ಲಿ ಯುದ್ಧದ ಚಿತ್ರವೊಂದರ ಶೂಟಿಂಗ್ ನಡೆದಿತ್ತು. ಬ್ಲೇಡಿನ ಗಾಯ ಎಲ್ಲಿ ಕೀವಾಗುತ್ತದೋ ಎಂಬ ಹೆದರಿಕೆಯಿಂದ ನಾನು ಬಿಟ್ಟಿದ್ದ ಗಡ್ಡವನ್ನು ಅವನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ.

"ನಮ್ಮ ಕಡೆಯ ಸೈನಿಕರಾಗಲಿಕ್ಕೆ ಜಿಮ್ಮಿನ ಹುಡುಗರು ಸಾಲುಗಟ್ಟಿ ನಿಂತಿದಾರೆ. ಶತ್ರುಗಳೇ ಸಿಗ್ತಿಲ್ಲ."

"ಮತ್ತೆ ಈ ಹೊಟ್ಟೆ?" ಅಂದೆ.

"ಶತ್ರುವಿಗೆ ಹೊಟ್ಟೆ ಇದ್ದರೆ ನಡೀತದೆ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಿಸಿಲು, ಮದ್ದಿನ ಹೊಗೆ, ನನ್ನ ಮೊಣಕಾಲು, ಎಲ್ಲದರ ಚಿಂತೆಯನ್ನೂ ಹೇಳಿದೆ. "ಹೋಗಿ ಬರ್ರಿ," ಅಂದಳು. "ಮನ್ಯಾಗ ಕೂತು ನನ್ನ ಮ್ಯಾಲ ದಾಳಿ ಮಾಡೋದಕ್ಕಿಂತ ಅದ ಪಾಡ."

ನನ್ನ ದೊಡ್ಡ ಚಿಂತೆ ಬೇರೆ ಇತ್ತು. ವಿಮಾನ ನಗರದ ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರು ಎಂಬತ್ತು ದಾಟಿದ ಸಿಂಧಿ ಅಜ್ಜಿ. ಎಲ್ಲರಿಗೂ ಅವರು ನಾನಿ. ಸಂಜೆಯ ಚಹಾ ನನಗೆ ಅವರ ಮನೆಯಲ್ಲೇ. ಅವರದು ಹಿಂದಿ, ನನ್ನದು ಹಿಂದಿಯನ್ನು ದೂರದಿಂದ ಹೋಲುವ ಏನೋ ಒಂದು. ನಾನಿ ಹುಟ್ಟಿದ್ದು ಸಿಂಧ್‌ನಲ್ಲಿ. ಹೆತ್ತಾಕೆ ಬಾಣಂತನದಲ್ಲೇ ಹಾಸಿಗೆ ಹಿಡಿದಾಗ ನೆರೆಮನೆಯ ಬೀಬಿ ತನ್ನ ಮಗನ ಜೊತೆಗೆ ಈ ಕೂಸಿಗೂ ಎದೆಹಾಲು ಕೊಟ್ಟಳಂತೆ. ದೇಶ ಒಡೆದಾಗ ಇವರು ಈ ಕಡೆ ಬಂದರು, ಅವರು ಅಲ್ಲೇ ಉಳಿದರು. ಆ ಹುಡುಗ ಮುಂದೆ ಅಲ್ಲಿನ ಸೈನ್ಯ ಸೇರಿದನೆಂದು ಯಾರೋ ಸುದ್ದಿ ತಂದರು. ಆಮೇಲೆ ಸುದ್ದಿಯೇ ಇಲ್ಲ.

ಹಾಗಾಗಿ ಟೀವಿಯಲ್ಲಿ ಯುದ್ಧದ ಸಿನಿಮಾ ಬಂದರೆ ನಾನಿ ಆರಿಸಿಬಿಡುತ್ತಿದ್ದರು. "ಆ ಕಡೆಯವರು ಬಿದ್ದಾಗೆಲ್ಲ ಮುಖ ನೋಡ್ತೀನಿ ಬೇಟಾ. ವೇಷದವರು ಅಂತ ಗೊತ್ತು. ಆದರೂ ಕಣ್ಣು ಹುಡುಕ್ತದೆ."

ಅವರಿಗೆ ನಾನು ಸೈನಿಕನ ಪಾತ್ರ ಅಂದೆ, ಅಷ್ಟೇ. ಯಾವ ಕಡೆ ಅಂತ ಅವರು ಕೇಳಲಿಲ್ಲ. ತಲೆ ಮೇಲೆ ಕೈಯಿಟ್ಟು "ಗೆದ್ದು ಬಾ" ಅಂದರು.

ಗುಡ್ಡದ ಮೇಲೆ ಮೇಕಪ್‌ನವನು ಶತ್ರುಗಳಿಗೆಲ್ಲ ಒಂದೇ ಡಬ್ಬಿಯಿಂದ ಕಾಡಿಗೆ ಹಚ್ಚಿದ. ಕಣ್ಣುಬೇನೆ ಖಂಡಿತ ಎಂದುಕೊಂಡೆ. ನಾನು ಮಾಡಬೇಕಾದದ್ದು ಇಷ್ಟು: ಗಡಿಯ ಹಳ್ಳಿಯೊಂದರ ಮನೆಗೆ ನುಗ್ಗಿ, ಮುದುಕಿಯೊಬ್ಬಳ ಊಟದ ತಾಟು ಒದ್ದು, ಗಹಗಹಿಸಿ ನಗುವುದು. ತಾಟಿನಲ್ಲಿದ್ದದ್ದು ನಿಜವಾದ ಜೋಳದ ರೊಟ್ಟಿ. ನುಗ್ಗಿದೆ. ಒದ್ದೆ. ರೊಟ್ಟಿ ಕಾಲಿಗೆ ತಾಕಿತು. ಮರುಕ್ಷಣ ಬಗ್ಗಿ, ಅದನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡಿದ್ದೆ.

"ಕಟ್! ಅರೇ ಕಾಕಾ, ನೀವು ದುಷ್ಮನ್! ಪೂಜಾರಿ ಅಲ್ಲ!" ನಿರ್ದೇಶಕ ಕೂಗಿದ. ನನ್ನ ಮಗನ ವಯಸ್ಸಿನವನು. "ಶತ್ರು ಹೀಗೆಲ್ಲ ಮಾಡೋದಿಲ್ಲ."

ಇನ್ನೊಂದು ಸಲವೂ ಅದೇ ಆಯಿತು. ಅನ್ನಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕೆಂದು ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದ್ದು, ಮೈಯೊಳಗೇ ಕೂತುಬಿಟ್ಟಿದೆ. ಆಮೇಲೆ ಎರಡೂ ಕೈಗೆ ಬಂದೂಕು ಕೊಟ್ಟು ನೋಡಿದರು. ಬಂದೂಕಿನ ಸಮೇತ ಬಗ್ಗಿದೆ. ಕೊನೆಗೆ ಹಿಂದೆ ನಿಂತು ಒದೆಯುವುದನ್ನಷ್ಟೇ ನನಗೆ ಬಿಟ್ಟು, ಮುಂದೆ ನಿಂತು ನಗುವ ಕೆಲಸವನ್ನು ಇನ್ನೊಬ್ಬ ಶತ್ರುವಿಗೆ ಕೊಟ್ಟರು; ಆಮೇಲೆ ನನ್ನನ್ನು ಬಾಗಿಲ ಬಳಿ ಗುಂಡು ತಿಂದು ಬೀಳಲು ಹಚ್ಚಿದರು. ಅದರಲ್ಲಿ ಮಾತ್ರ ಭೇಷ್ ಅನ್ನಿಸಿಕೊಂಡೆ.

ಸಿನಿಮಾ ಬಂತು. ಬಿಲ್ಡಿಂಗಿನವರೆಲ್ಲ ಮಾಲ್‌ನ ಥಿಯೇಟರಿಗೆ ಹೊರಟರು. ನಾನಿಯೂ ಹೊರಟರು. "ನಮ್ಮ ಹುಡುಗ ಇದ್ದಾನೆ, ನೋಡದೆ ಇರ್ತೀನಾ?" ಏಸಿ ಭಾಳ ತಣ್ಣಗೆ ಅಂದೆ, ಶಾಲು ತಂದರು. ಸದ್ದು ಜೋರು ಅಂದೆ, ಕಿವಿಗೆ ಹತ್ತಿ ತಂದರು.

ನನ್ನ ಪಕ್ಕದಲ್ಲೇ ಕೂತರು. ತೆರೆಯ ಮೇಲೆ ಕಾಡಿಗೆಯ ಕಣ್ಣಿನವರು ಮನೆಗೆ ನುಗ್ಗಿದರು. ನನ್ನ ಕಾಲು ತಾಟು ಒದೆಯಿತು. ಮುಂದೆ ಇನ್ನೊಬ್ಬ ನಗುತ್ತಿದ್ದ. ಅವನ ಹಿಂದೆ, ಮಸುಕಾಗಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ನಾನು ಬಗ್ಗಿದ್ದೆ. ಸಿನಿಮಾ ಕತ್ತರಿಸಿ ಜೋಡಿಸುವವರು ಅದನ್ನು ಹೇಗೆ ಬಿಟ್ಟರೋ. ಜನ ಹೋ ಎಂದು ಬೈದರು. ಸ್ವಲ್ಪ ಹೊತ್ತಿಗೆ ನಮ್ಮವರು ಬಂದು ನನ್ನನ್ನು ಹೊಡೆದರು, ಶಿಳ್ಳೆ ಬಿತ್ತು. ನಾನಿ ನನ್ನ ಮಣಿಕಟ್ಟು ಹಿಡಿದವರು ದೀಪ ಹತ್ತುವವರೆಗೂ ಬಿಡಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತರು. ನಾಳೆಯಿಂದ ಚಹಾ ಇಲ್ಲ ಎಂದುಕೊಂಡೆ.

"ಬಗ್ಗಿದ್ದು ಯಾಕೆ?"

"ರೊಟ್ಟಿಗೆ ಕಾಲು ತಾಗಿತ್ತು, ನಾನಿ. ತಪ್ಪಾಯ್ತು. ಶತ್ರು ಹಾಗೆ ಮಾಡೋದಿಲ್ಲ ಅಂತ ಅವರು ಬೈದರು."

"ಯಾರು ಹೇಳಿದ್ದು?" ನಾನಿಯ ದನಿ ಏರಿತು. "ರೊಟ್ಟಿ ಕೆಳಗೆ ಬಿದ್ದರೆ ಬೀಬಿ ಎತ್ತಿ ಮುತ್ತಿಟ್ಟು ಕಣ್ಣಿಗೆ ಒತ್ತಿಕೊಳ್ತಿದ್ದಳು. ಆಮೇಲೆ ಗುಬ್ಬಿಗೆ ಅಂತ ಗೋಡೆ ಮೇಲೆ ಇಡಬೇಕು. ನಾನಿಡ್ತೀನಿ, ತಾನಿಡ್ತೀನಿ ಅಂತ ಅವನೂ ನಾನೂ ಜಗಳ ಆಡ್ತಿದ್ವಿ." ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿ ಉಂಡೆ ಮಾಡಿದರು. "ಅವನು ಬಗ್ತಿದ್ದ, ಬೇಟಾ. ಬಗ್ಗೇ ಬಗ್ತಿದ್ದ."

ಹೆಂಡತಿ ನನ್ನ ಕಡೆ ನೋಡಿದಳು. ನನ್ನನ್ನು ಗೇಲಿ ಮಾಡದೆ, ನಾನಿಯ ಜಾರಿದ ಶಾಲನ್ನು ಹೆಗಲಿಗೆ ಏರಿಸಿದಳು. ಅದು ಅಪರೂಪ.

"ನಾಳೆ ಇನ್ನೊಮ್ಮೆ ತೋರಿಸ್ತೀಯಾ?" ನಾನಿ ಕೇಳಿದರು.

ಮರುದಿನ ಮಧ್ಯಾಹ್ನ ಇಬ್ಬರೇ ಹೋದೆವು. ಥಿಯೇಟರು ಮುಕ್ಕಾಲು ಖಾಲಿ. ಗುಂಡಿನ ಸದ್ದಿಗೆಲ್ಲ ನಾನಿ ಕಣ್ಣು ಮುಚ್ಚಿ ಕೂತಿದ್ದರು. ಗಡಿಯ ಹಳ್ಳಿ ಬಂದಾಗ ನಾನು ಮೆಲ್ಲಗೆ ಮೊಣಕೈ ಮುಟ್ಟಿದೆ. ಕಣ್ಣು ತೆರೆದು ಮುಂದಕ್ಕೆ ಬಾಗಿದರು. ತಾಟು ಹಾರಿತು, ಮುಂದಿನವನು ನಕ್ಕ, ಹಿಂದೆ ಮಸುಕಾಗಿ ಒಬ್ಬ ರೊಟ್ಟಿಗೆ ಬಗ್ಗಿದ.

"ಹಾಂ," ಅಂದರು ನಾನಿ, ಮತ್ತು ಶಾಲು ಸರಿಮಾಡಿಕೊಂಡು ಎದ್ದುಬಿಟ್ಟರು. "ನಡಿ, ಬೇಟಾ. ಸಾಕು."

ಕತ್ತಲಲ್ಲಿ ಮೆಟ್ಟಿಲು ತಪ್ಪೀತೆಂದು ಅವರ ತೋಳು ಹಿಡಿದೆ. ತೆರೆಯ ಮೇಲೆ ಅವನಿಗೆ ಗುಂಡು ತಗಲುವ ಮೊದಲೇ ಹೊರಗೆ ಬಂದೆವು.