ಆರು ಅಡಿಷನಲ್ ಶೀಟಿನ ಮುನಿನಾರಾಯಣಪ್ಪ

ದೊಡ್ಡನೆಕ್ಕುಂದಿಯ ಮುನಿನಾರಾಯಣಪ್ಪನವರ ಗೇಟಿನ ಕರಿ ಗ್ರಾನೈಟಿನಲ್ಲಿ ಹೆಸರಾದ ಮೇಲೆ ಒಂದು ಗೇಣು ಜಾಗ ಖಾಲಿ. ಅದು ‘ಬಿ.ಎ.’ಗೆ ಮೀಸಲು. ಪಿಯುಸಿ ಇಂಗ್ಲಿಷನ್ನು ನಾಲ್ಕನೇ ದಂಡಯಾತ್ರೆಯಲ್ಲಿ ಗೆದ್ದು ಓದಿಗೆ ಕೈಮುಗಿದಿದ್ದವರು, ಐವತ್ತಾರಕ್ಕೆ ಮನೆಯಲ್ಲೇ ಓದಿ ಪದವಿ ಪಡೆಯಲು ಹೊರಟರು. ಒಬ್ಬರೇ ಹೋಗಲು ಸಂಕೋಚ. ಹೆಂಡತಿ ಮುನಿಗಂಗಮ್ಮನನ್ನೂ ಸೇರಿಸಿದರು. ಆಕೆಯೂ ಮದುವೆಗೆ ಮುಂಚೆ ಪಿಯುಸಿ ಮುಗಿಸಿದ್ದಳೆಂಬುದು ಅರ್ಜಿ ತುಂಬುವಾಗ ಅವರಿಗೆ ನೆನಪಾಯಿತು.

ಪರೀಕ್ಷೆಯ ಬಗ್ಗೆ ಅವರದೊಂದು ಸಿದ್ಧಾಂತವಿತ್ತು: ಪೇಪರ್ ತಿದ್ದುವವನು ಮೊದಲು ತೂಕ ನೋಡುತ್ತಾನೆ. ಇಂಗ್ಲಿಷ್ ಪೇಪರಿನ ದಿನ ಆರು ಅಡಿಷನಲ್ ಶೀಟು ಈಸಿಕೊಂಡು, ಹೋರಿಗೆ ಮೂಗುದಾರ ಹಾಕಿದ ಹಾಗೆ ದಾರ ಕಟ್ಟಿದರು. ಎರಡು ಬೆಂಚು ಮುಂದೆ ಗಂಗಮ್ಮ ಹತ್ತು ನಿಮಿಷ ಪ್ರಶ್ನೆಪತ್ರಿಕೆಯನ್ನೇ ಓದುತ್ತ, ಕೇಳಿದ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಇವರಿಗೆ ಪಾಪ ಎನಿಸಿತು. ಹೊರಗೆ ಬಂದ ಮೇಲೆ, ಒಂದು ಶೀಟೂ ತಗೊಳ್ಳಲಿಲ್ಲವಲ್ಲ ಎಂದು ಕನಿಕರಿಸಿದರು.

“ಕೇಳಿದ್ದಷ್ಟೇ ಬರ್ದೆ” ಅಂದಳು.

ರಿಸಲ್ಟು ಬಂತು. ಇಂಗ್ಲಿಷಿನಲ್ಲಿ ಆಕೆಗೆ ನೂರಕ್ಕೆ ಎಪ್ಪತ್ತೊಂದು, ಇವರಿಗೆ ಇಪ್ಪತ್ತೊಂಬತ್ತು, ಫೇಲು. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತು, ಕಾಫಿ ಆರಿಹೋಯಿತು, ಆಕೆ ನಕ್ಕರೆ ತಮ್ಮನ್ನೇ ನೋಡಿ ನಕ್ಕಂತಾಯಿತು. ಹೆಂಗಸಿನ ಅಕ್ಷರ ಕಂಡು ತಿದ್ದಿದೋರು ಕರಗಿದಾರೆ ಎಂದು ಮೊಮ್ಮಗಳು ಪೂಜಿತಾಳೆದುರು ಗೊಣಗಿದರು. ಕಡೆಗೆ ಇಬ್ಬರ ಉತ್ತರಪತ್ರಿಕೆಯ ಜೆರಾಕ್ಸಿಗೂ ಅರ್ಜಿ ಹಾಕಿದರು. ತಮ್ಮದು ಮಾರ್ಕಿನ ಜಗಳಕ್ಕೆ, ಆಕೆಯದು ಹುಳುಕು ಹುಡುಕಲಿಕ್ಕೆ.

ಜೆರಾಕ್ಸು ಬಂದ ದಿನ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತರು. ಪಾಠದ ಕಥೆಯೊಂದರಲ್ಲಿ ಬರುವ ವಿಧವೆ ತನ್ನ ದೀಪವನ್ನು ಯಾಕೆ ಮಾರಲಿಲ್ಲ ಎಂಬುದು ಒಂದು ಪ್ರಶ್ನೆ. ಇವರು ಲೇಖಕನ ಜನನ, ಆ ದೇಶದ ಮಳೆ, ದೀಪಗಳ ಚರಿತ್ರೆ, ಎಲ್ಲ ಬರೆದಿದ್ದರು. ವಿಧವೆ ಮಾತ್ರ ಬಂದಿರಲಿಲ್ಲ. ಗಂಗಮ್ಮ ಮೊದಲ ಸಾಲಿನಲ್ಲೇ ಕಾರಣ ಹೇಳಿ, ಪಾಠದ ಒಂದು ಮಾತನ್ನು ಸಾಕ್ಷಿಗಿಟ್ಟು, ಅದರ ಅರ್ಥ ಬಿಡಿಸಿ ಅರ್ಧ ಪುಟಕ್ಕೇ ನಿಲ್ಲಿಸಿದ್ದಳು. ಐದಕ್ಕೆ ಐದು. ಇವರು ಸರಕ್ಕನೆ ಪುಟ ತಿರುವಿದರು.

ಕೊನೆಯ ಪ್ರಶ್ನೆ, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ. ಇವರು ತಮ್ಮ ಬಗ್ಗೆಯೇ ನಾಲ್ಕು ಪುಟ ಬರೆದಿದ್ದರು, ಹತ್ತಕ್ಕೆ ಎರಡು. ಆಕೆ ಸರಳ ಇಂಗ್ಲಿಷಿನಲ್ಲಿ ಬರೆದಿದ್ದಿಷ್ಟು: ನನ್ನ ಯಜಮಾನರು ಸಿಟ್ಟು ಬಂದರೆ ಬಾಡಿಗೆಯವರನ್ನು ಇಂಗ್ಲಿಷಿನಲ್ಲಿ ಬೈಯುತ್ತಾರೆ. ಬಾಡಿಗೆಯವರು ಹಿಂದಿಯಲ್ಲಿ ಕ್ಷಮೆ ಕೇಳುತ್ತಾರೆ. ಆಮೇಲೆ ಇವರು ಒಳಗೆ ಬಂದು, ಸರಿಯಾಗಿ ಮಾತಾಡಿದೆನಾ ಎಂದು ನನ್ನನ್ನು ಕೇಳುತ್ತಾರೆ. ನಾನು ಯಾವಾಗಲೂ ಹೂಂ ಅನ್ನುತ್ತೇನೆ.

ಹತ್ತಕ್ಕೆ ಒಂಬತ್ತು.

ಮುನಿನಾರಾಯಣಪ್ಪನವರು ಎರಡು ಸಲ ಓದಿದರು. ಕೆಳಗಿಳಿದು ಬಂದರೆ ಆಕೆ ಅವರೆಕಾಯಿ ಸುಲಿಯುತ್ತಿದ್ದಳು.

“ನನ್ನ ಬಗ್ಗೆ ನಾನೇ ಬರೆದ್ರೆ ಎರಡು, ನೀನು ಬರೆದ್ರೆ ಒಂಬತ್ತು. ಯಾವೂರ ನ್ಯಾಯಾನೇ ಇದು? ಮುಂದಿನ ಸಲ ನಿನ್ನ ಬಗ್ಗೆ ಬರೀತೀನಿ, ನೋಡ್ತಾ ಇರು.”

“ಬರೀರಿ. ಯಾರು ಬ್ಯಾಡಾಂದ್ರು?”

ಹಟಕ್ಕೆ ಅಲ್ಲೇ ಕೂತು ಬರೆಯತೊಡಗಿದರು. ಹೆಸರಾಯಿತು, ತವರೂರಾಯಿತು, ಮೂರನೇ ಸಾಲಿಗೆ ಪೆನ್ನು ನಿಂತಿತು. ತಗ್ಗಿದ ದನಿಯಲ್ಲಿ, “ನಿಂಗೇನಿಷ್ಟಾನೇ?” ಎಂದರು.

ಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಪೆನ್ಸಿಲು ತಂದು ಅವರ ಮುಂದಿಟ್ಟಳು.

“ಮೊದ್ಲು ಪ್ರಶ್ನೆಗೆ ಗೆರೆ ಎಳ್ಕೊಳ್ಳಿ” ಅಂದಳು.